ಓದುವ ಮಕ್ಕಳು, ಓಡುವ ಮಕ್ಕಳು

ಸಂಶೋಧನೆಗೆಂದು ಯಲ್ಲಾಪುರದ ಕಡೆಯ ಒಂದು ಪ್ರಾಥಮಿಕ ಶಾಲೆಯಲ್ಲಿ ಕೆಲವು ದಿನ ಗೋಡೆಗೊರಗಿ ಕೂತಿದ್ದೆ. ಅಲ್ಲಿನ ಅಕ್ಕೋರು ಮಕ್ಕಳಿಗೆ ಗದರಿದ್ದನ್ನೂ ನಾನು ಕಾಣೆ. ಮೊದಲ ದಿನವೇ ಸಿದ್ದಿ ಹುಡುಗಿಯೊಬ್ಬಳ ತಲೆ ಸವರುತ್ತ, ‘ಇವಕ್ಕೆ ಓದು ಅಷ್ಟಕ್ಕಷ್ಟೇ. ಓಟಕ್ಕೆ ಬಿಟ್ರೆ ಹಿಡಿಯೋರಿಲ್ಲ ನೋಡಿ’ ಎಂದರು. ಮಾತಿನಲ್ಲಿ ಪ್ರೀತಿಯಿತ್ತು. ನನ್ನನ್ನು ಕಾಡಿದ್ದೂ ಅದೇ.

ಈ ಎಣಿಕೆ ಅವರೊಬ್ಬರದಲ್ಲ. ಸಿದ್ದಿಗಳು ಶತಮಾನಗಳ ಹಿಂದೆ ಆಫ್ರಿಕಾದಿಂದ ಬಂದವರ ಸಂತತಿ. ಅದೇ ಕಾರಣಕ್ಕೆ 1980ರ ದಶಕದಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಅವರ ಮಕ್ಕಳನ್ನು ಆರಿಸಿ ಅಥ್ಲೆಟಿಕ್ಸ್ ತರಬೇತಿಗೆ ಕರೆದೊಯ್ದಿತ್ತು. ಕೆಲವೇ ವರ್ಷಗಳಲ್ಲಿ ಯೋಜನೆ ನಿಂತಿತು, ಎಣಿಕೆ ಉಳಿಯಿತು.

ಮನೆಯಲ್ಲಿ ಕೊಂಕಣಿ ಆಡುವ ಆ ಹುಡುಗಿಗೆ ಕನ್ನಡ ಶಾಲೆಯ ಭಾಷೆ. ಪ್ರಶ್ನೆ ಕೇಳಿದರೆ ಉತ್ತರ ಬಾಯಿಗೆ ಬರಲು ತುಸು ಹೊತ್ತು ಬೇಕು. ಉಳಿದವರು ತಡವರಿಸಿದಾಗ ಕಾಯುತ್ತಿದ್ದ ಅಕ್ಕೋರು, ಇವಳು ತಡವರಿಸಿದರೆ ‘ಇರ್ಲಿ ತಂಗಿ, ಕೂತ್ಕ’ ಎನ್ನುತ್ತಿದ್ದರು. ಅವಳಿಗೆ ಅವಮಾನ ತಪ್ಪುತ್ತಿತ್ತು. ಉತ್ತರಿಸುವ ಅವಕಾಶವೂ ತಪ್ಪುತ್ತಿತ್ತು.

ರಾಬರ್ಟ್ ರೋಸೆಂಥಾಲ್ ಮತ್ತು ಲೆನೋರ್ ಜೇಕಬ್‌ಸನ್ 1968ರಲ್ಲಿ ಪ್ರಕಟಿಸಿದ ಅಧ್ಯಯನ ನೆನಪಾಗುತ್ತದೆ. ಕ್ಯಾಲಿಫೋರ್ನಿಯಾದ ಒಂದು ಪ್ರಾಥಮಿಕ ಶಾಲೆಯಲ್ಲಿ ಚೀಟಿ ಎತ್ತಿದಂತೆ ಕೆಲವು ಮಕ್ಕಳನ್ನು ಆರಿಸಿ, ‘ಇವರು ಈ ವರ್ಷ ಅರಳುತ್ತಾರೆ’ ಎಂದು ಶಿಕ್ಷಕರಿಗೆ ಹೇಳಿದರು. ವರ್ಷದ ಕೊನೆಗೆ, ಮುಖ್ಯವಾಗಿ ಒಂದು ಎರಡನೇ ತರಗತಿಗಳಲ್ಲಿ, ಆ ಮಕ್ಕಳ ಬುದ್ಧಿಮಾಪನದ ಅಂಕ ಉಳಿದವರಿಗಿಂತ ಹೆಚ್ಚು ಏರಿತ್ತು. ಆ ಪ್ರಯೋಗದ ಬಗ್ಗೆ ತಕರಾರುಗಳಿವೆ. ಆದರೂ ಅದು ಎತ್ತಿದ ಪ್ರಶ್ನೆ ಹಳತಾಗಿಲ್ಲ.

ಮನಸ್ಸಿನಲ್ಲಿ ಅಂದುಕೊಂಡದ್ದಕ್ಕೆ ಯಾರೂ ಹೊಣೆಯಲ್ಲ, ಮಾಡಿದ್ದಕ್ಕೆ ಮಾತ್ರ ಹೊಣೆ ಎನ್ನುತ್ತೇವೆ. ತರಗತಿಯಲ್ಲಿ ಈ ಗೆರೆ ನಿಲ್ಲುವುದಿಲ್ಲ. ಅಲ್ಲಿ ಅಂದುಕೊಂಡದ್ದೇ ಯಾರಿಗೆ ಎಷ್ಟು ಹೊತ್ತು ಕಾಯಬೇಕು ಎಂಬುದಾಗುತ್ತದೆ. ಮಗು ಹಿಂದೆ ಬಿದ್ದಾಗ ಊಹೆ ನಿಜವೆನಿಸುತ್ತದೆ. ಅದನ್ನು ನಿಜ ಮಾಡಿದವರು ಯಾರೆಂದು ಯಾರೂ ಕೇಳುವುದಿಲ್ಲ.

ಮೂರು ತರಗತಿಗಳ ಮಕ್ಕಳನ್ನು ಒಂದೇ ನಲಿಕಲಿ ಕೋಣೆಯಲ್ಲಿ ಕೂರಿಸಿಕೊಂಡವರಿಗೆ ‘ಎಲ್ಲರಿಗೂ ಕಾಯಿರಿ’ ಎನ್ನುವುದು ಗೋಡೆಗೊರಗಿದವನಿಗೆ ಸುಲಭ. ಒಪ್ಪುತ್ತೇನೆ. ಆದರೆ ಹೊತ್ತು ಸಾಲದಾಗ ಯಾರ ಪಾಲು ಮೊದಲು ಕಡಿತವಾಗುತ್ತದೆ? ನ್ಯಾಯದ ಪ್ರಶ್ನೆ ಇರುವುದು ಅಲ್ಲೇ.

ವಾಪಸು ಬಂದು ಟಿಪ್ಪಣಿ ಪುಸ್ತಕ ತೆರೆದೆ. ಆ ಹುಡುಗಿಯ ಹೆಸರಿನ ಮುಂದೆ ಮೊದಲ ದಿನ ನಾನೇ ಬರೆದಿದ್ದೆ: ‘ಓಟದಲ್ಲಿ ಮುಂದೆ.’ ಅವಳು ಓಡಿದ್ದನ್ನು ನಾನು ಒಮ್ಮೆಯೂ ನೋಡಿರಲಿಲ್ಲ.