ಕೇರಿಯ ಕೊನೆಯ ನಲ್ಲಿ

ಜನವರಿಯ ಒಂದು ಸಂಜೆ. ಊರಿನ ಮನೆಯ ಹಜಾರದಲ್ಲಿ ಅತ್ತೆ ಮೊರದ ತುಂಬ ಅವರೆಕಾಯಿ ಹರಡಿಕೊಂಡು ಸುಲಿಯುತ್ತಿದ್ದರು. ಮಾರನೆಯ ದಿನ ಶಾಲೆಯ ಅಂಗಳದಲ್ಲಿ ಗ್ರಾಮಸಭೆ. ಬೆಂಗಳೂರಿನಿಂದ ಎರಡು ದಿನಕ್ಕೆಂದು ಬಂದಿದ್ದ ನನ್ನನ್ನೂ ಬಾ ಎಂದರು. ನಾನು ಒಲ್ಲೆ ಎಂದೆ.

ಅತ್ತೆ 1987ರಲ್ಲಿ ಮಂಡಲ ಪಂಚಾಯಿತಿಗೆ ಆಯ್ಕೆಯಾದವರು. ಆಗ ರಾಜ್ಯದ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬರು ಹಟ ಹಿಡಿದು ತಂದ 1983ರ ಕಾಯ್ದೆಯಲ್ಲಿ ಹೆಂಗಸರಿಗೆ ನೂರಕ್ಕೆ 25 ಸ್ಥಾನ ಮೀಸಲಿತ್ತು. ಹಾಗೆ ಅಡುಗೆಮನೆಯಿಂದ ಸೀದಾ ಸಭೆಗೆ ಹೋದವರಲ್ಲಿ ಅವರೂ ಒಬ್ಬರು.

ನಾನು: ಅಲ್ಲಿ ಕೂತು ಏನು ಮಾಡೋದು ಅತ್ತೆ? ಎಲ್ಲ ದೆಹಲಿಯಲ್ಲಿ ತೀರ್ಮಾನ ಆಗಿರುತ್ತೆ. ಅಲ್ಲಿ ಯಾರು ಬಂದು ಕೂತರೂ ನನಗಂತೂ ನಂಬಿಕೆ ಇಲ್ಲ.

ಅತ್ತೆ: ನಂಬು ಅಂತ ನಿನಗೆ ಯಾರು ಹೇಳಿದ್ರು? ನಾನೂ ನಂಬಲ್ಲ.

ನಾನು: ಮತ್ತೆ ಹೋಗೋದು ಯಾಕೆ?

ಅತ್ತೆ: ದಿನಾ ಬೆಳಿಗ್ಗೆ ಡೈರಿಗೆ ಹಾಲು ಹಾಕ್ತೀನಲ್ಲ, ನಂಬಿ ಹಾಕ್ತೀನಾ? ಅವರು ಅಳೆಯೋವಾಗ ನನ್ನ ಕಣ್ಣು ಅಲ್ಲೇ ಇರುತ್ತೆ. ಫ್ಯಾಟ್ ಎಷ್ಟು ಬಂತು ನೋಡಿ, ಪುಸ್ತಕದಲ್ಲಿ ಬರೆಸ್ಕೊಂಡ ಮೇಲೇನೇ ಕ್ಯಾನು ಎತ್ಕೊಳ್ಳೋದು. ಕಮ್ಮಿ ಬಂದ ದಿನ ಇನ್ನೊಂದು ಸಲ ನೋಡಪ್ಪ ಅಂತೀನಿ. ನಂಬಿಕೆ ಇಲ್ಲ ಅಂತ ಹಾಲನ್ನ ಚರಂಡಿಗೆ ಸುರಿಯೋಕಾಗುತ್ತಾ?

ನಾನು: ಡೈರಿ ಕಣ್ಣೆದುರಿಗಿದೆ. ದೆಹಲಿ ಹಾಗಲ್ಲ. 2024ರ ಚುನಾವಣೆ ಹೊತ್ತಿಗೆ ದೇಶದಲ್ಲಿ 96 ಕೋಟಿಗೂ ಹೆಚ್ಚು ಮತದಾರರು, ಲೋಕಸಭೆಗೆ 543 ಜನ. ಭಾಗಿಸಿ ನೋಡಿ. ಒಬ್ಬೊಬ್ಬ ಸಂಸದರಿಗೆ 17 ಲಕ್ಷದ ಮೇಲೆ ಬೀಳುತ್ತೆ. ಅಷ್ಟು ಜನರಲ್ಲಿ ನಾನೊಬ್ಬ ಯಾವ ಪುಸ್ತಕ ಹಿಡ್ಕೊಂಡು ಹೋಗಿ, ಯಾರನ್ನ ಬರೆದುಕೊಡಿ ಅಂತ ಕೇಳಲಿ?

ಅತ್ತೆ: ರಾಜಸ್ಥಾನದ ಕೂಲಿಯವರಿಗೂ ದೆಹಲಿ ದೂರಾನೇ ಇತ್ತು. ನಮಗೆ ಒಂದು ತರಬೇತೀಲಿ ಅವರ ಕತೆ ಹೇಳಿದ್ರು. ಬರಗಾಲದ ಕಾಮಗಾರೀಲಿ ಮಣ್ಣು ಹೊತ್ತವರು ಅವರು. ಸರ್ಕಾರ ಗೊತ್ತುಮಾಡಿದ ಕೂಲಿ ಕೈಗೆ ಬರ್ತಿರಲಿಲ್ಲ. ಕೇಳಿದ್ರೆ, ನೀವು ಅಷ್ಟು ಕೆಲಸ ಮಾಡೇ ಇಲ್ಲ, ಪುಸ್ತಕದಲ್ಲಿ ಹಾಗಂತಿದೆ ಅನ್ನೋರು. ಆ ಪುಸ್ತಕ ತೋರಿಸಿ ಅಂದ್ರೆ, ಅದು ಸರ್ಕಾರದ ಗುಟ್ಟು!

ಆ ಗುಟ್ಟಿಗೆ 1923ರಲ್ಲಿ ಬ್ರಿಟಿಷರು ಮಾಡಿಟ್ಟ ಕಾಯ್ದೆಯ ಕಾವಲಿತ್ತು. ಮಣ್ಣು ಹೊತ್ತವಳ ಕೂಲಿಯ ಲೆಕ್ಕವನ್ನು ಅವಳಿಂದಲೇ ಮುಚ್ಚಿಡಲು ಗೂಢಚಾರರಿಗಾಗಿ ಬರೆದ ಕಾನೂನು ನೆಪವಾಯಿತಲ್ಲ ಎಂಬುದನ್ನು ನೆನೆದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. ಅರುಣಾ ರಾಯ್ ಮತ್ತು ಜೊತೆಗಾರರು 1990ರಲ್ಲಿ ಕಟ್ಟಿದ ಮಜ್ದೂರ್ ಕಿಸಾನ್ ಶಕ್ತಿ ಸಂಘಟನ್, 1994ರ ಡಿಸೆಂಬರಿನಲ್ಲಿ ಕೋಟ್ ಕಿರಾನಾ ಎಂಬ ಹಳ್ಳಿಯಲ್ಲಿ ಮೊದಲ ಜನಸುನವಾಯಿ ನಡೆಸಿತು. ಸರ್ಕಾರದ ಕಡತವನ್ನು ಊರವರ ಮುಂದೆ ಗಟ್ಟಿಯಾಗಿ ಓದುವುದು, ಅಷ್ಟೇ ಕೆಲಸ.

ಅತ್ತೆ: ಅಂಥ ಸಭೆಗಳಲ್ಲಿ ಒಂದೊಂದೇ ಹೆಸರು ಓದ್ತಾ ಹೋಗೋರಂತೆ. ಕೆಲಸಕ್ಕೇ ಬಾರದವರ ಹೆಸರಲ್ಲಿ ಕೂಲಿ, ಸತ್ತವರ ಹೆಸರಲ್ಲೂ ಕೂಲಿ. ಅಲ್ಲೀವರೆಗೂ ಅವರೂ ನಿನ್ನ ಹಾಗೇ ಎಲ್ಲರೂ ಕಳ್ಳರು ಅಂತಿದ್ದೋರು. ಆವತ್ತು ಯಾವ ಪುಟ, ಯಾವ ಸಾಲು, ಯಾರ ಸಹಿ ಅಂತ ಗೊತ್ತಾಯ್ತು. ಎಲ್ಲರೂ ಕಳ್ಳರು ಅನ್ನೋನಿಗೆ ಯಾವ ಕಳ್ಳ ಹೆದರ್ತಾನೆ ಹೇಳು? ಈ ಸಾಲು ಸುಳ್ಳು ಅಂತ ಬೆರಳಿಟ್ಟು ತೋರಿಸೋಳಿಗೆ ಹೆದರ್ತಾನೆ.

ನಾನು: ಮುಂದಿನದು ನನಗೆ ಗೊತ್ತು. 1996ರಲ್ಲಿ ಬ್ಯಾವರ್ ಪೇಟೆಯಲ್ಲಿ 40 ದಿನ ಧರಣಿ. 2000ದಲ್ಲಿ ರಾಜಸ್ಥಾನದಲ್ಲಿ ಕಾಯ್ದೆ, ಅದೇ ವರ್ಷ ನಮ್ಮಲ್ಲೂ. 2005ರ ಅಕ್ಟೋಬರ್ 12ರಿಂದ ದೇಶಕ್ಕೆಲ್ಲ ಮಾಹಿತಿ ಹಕ್ಕು. ಆಮೇಲೆ ಆಗಿದ್ದೂ ಗೊತ್ತು. 2019ರಲ್ಲಿ ಮಾಹಿತಿ ಆಯುಕ್ತರ ಅವಧಿ, ಸಂಬಳ ಗೊತ್ತುಮಾಡೋ ಅಧಿಕಾರ ಕೇಂದ್ರ ಸರ್ಕಾರದ ಕೈಗೆ ಹೋಯ್ತು. 2023ರ ದತ್ತಾಂಶ ಕಾಯ್ದೆ ಬಂದು, ವೈಯಕ್ತಿಕ ಮಾಹಿತಿ ಅಂತ ಹೇಳಿ ಕೊಡದೆ ಇರೋ ಬಾಗಿಲು ಇನ್ನೂ ಅಗಲ ಆಯ್ತು. ಪುಣೆ ಹತ್ತಿರ ಸತೀಶ್ ಶೆಟ್ಟಿ ಅಂತ ಇದ್ದರು. ಭೂಮಿ ಅವ್ಯವಹಾರಗಳನ್ನ ಬಯಲಿಗೆಳೆದವರು. 2010ರ ಜನವರೀಲಿ ಬೆಳಗಿನ ವಾಕಿಂಗ್ ಹೋದಾಗ ಕೊಂದರು. ಬೆರಳಿಟ್ಟು ತೋರಿಸಿದವರಿಗೆ ಸಿಕ್ಕಿದ್ದು ಇದು ಅತ್ತೆ.

ಅತ್ತೆಯ ಕೈ ನಿಂತಿತು. ಬಹಳ ಹೊತ್ತು ಮಾತಿಲ್ಲ.

ಅತ್ತೆ: ಆ ಸಾವಿಗೆ ನನ್ನ ಹತ್ರ ಸಮಾಧಾನ ಇಲ್ಲ ಕಣೋ. ಒಂಟಿಯಾಗಿ ಕೇಳಿದವರನ್ನ ಮುಗಿಸೋದು ಸುಲಭ. ಅದಕ್ಕೇ ನೂರು ಜನ ಬರಬೇಕು ಅಂತ ಒದ್ದಾಡೋದು. ನೂರರಲ್ಲಿ ಯಾರು ಕೇಳಿದ್ರು ಅಂತ ಗೊತ್ತಾಗಬಾರದು.

ನಾನು: ನೂರು ಜನ ಕೇಳಿದರೂ ದೊಡ್ಡ ಗುಟ್ಟುಗಳು ಹೊರಗೆ ಬರುತ್ತವಾ? ಚುನಾವಣಾ ಬಾಂಡ್ ನೋಡಿ. 2018ರಿಂದ ಯಾರು ಯಾವ ಪಕ್ಷಕ್ಕೆ ಎಷ್ಟು ಕೊಟ್ಟರು ಅಂತ ವೋಟು ಹಾಕೋ ನಮಗೆ ಮಾತ್ರ ಗೊತ್ತಾಗಬಾರದು ಅಂತಲೇ ಮಾಡಿದ ಏರ್ಪಾಡು ಅದು.

ಅತ್ತೆ: ಈಗ ಹೇಗೆ ಗೊತ್ತಾಯ್ತು ನಿನಗೆ?

ನಾನು: ಸುಪ್ರೀಂ ಕೋರ್ಟ್ ರದ್ದು ಮಾಡ್ತು. 2024ರ ಫೆಬ್ರವರಿ 15ರಂದು ಐವರು ನ್ಯಾಯಮೂರ್ತಿಗಳು ಒಮ್ಮತದಿಂದ. ಸ್ಟೇಟ್ ಬ್ಯಾಂಕ್ ಜೂನ್ ಕೊನೆವರೆಗೆ ಟೈಮು ಕೇಳಿತ್ತು, ಕೊಡಲಿಲ್ಲ. ಮಾರ್ಚ್‌ನಲ್ಲೇ ಪಟ್ಟಿ ಹೊರಗೆ ಬಂತು.

ಅತ್ತೆ: ಕೋರ್ಟು ತಾನಾಗೇ ಎದ್ದು ಬಂತಾ?

ನಾನು: ಇಲ್ಲ. ಕೆಲವು ಸಂಘಟನೆಗಳು ಹೋಗಿದ್ದವು. ಲೋಕೇಶ್ ಬಾತ್ರಾ ಅಂತ ನೌಕಾಪಡೆಯ ನಿವೃತ್ತ ಅಧಿಕಾರಿ, ಮಾಹಿತಿ ಹಕ್ಕಿನಲ್ಲಿ ಅರ್ಜಿ ಮೇಲೆ ಅರ್ಜಿ ಹಾಕಿ ಕಾಗದ ತೆಗೆಸಿದ್ದರು. ಆದರೆ ಆರು ವರ್ಷ ಅತ್ತೆ. ಅಷ್ಟರಲ್ಲಿ ಒಂದು ಲೋಕಸಭಾ ಚುನಾವಣೆ ನಡೆದುಹೋಗಿತ್ತು.

ಅತ್ತೆ: ತಡ ಆಯ್ತು. ಆ ನಷ್ಟ ಯಾರೂ ತುಂಬಿಕೊಡಲ್ಲ. ಆದ್ರೂ ಒಂದು ಮಾತು. ದೆಹಲಿ ಮೇಲೆ ನಿನಗಿರೋ ಸಿಟ್ಟಿಗೆ ಇವತ್ತು ಆಧಾರ ಇದೆಯಲ್ಲ, ಅದು ಯಾರೋ ಕೂತು ಬರೆದ ಅರ್ಜಿಯಿಂದ ಬಂದಿದ್ದು. ಅವರು ಕೇಳದೆ ಹೋಗಿದ್ರೆ ನಿನ್ನ ಸಿಟ್ಟು ಬರೀ ಗುಮಾನಿ ಆಗಿರೋದು.

ನನಗೆ ನಾಚಿಕೆಯಾಯಿತು. ಆದರೂ ಹೊಟ್ಟೆಯೊಳಗಿದ್ದ ನಿಜವಾದ ಅನುಮಾನ ಇನ್ನೂ ಹೊರಬಂದಿರಲಿಲ್ಲ.

ನಾನು: ಸಭೆಗೆ ಹೋದರೆ ಅವರಿಗೇ ಅನುಕೂಲ ಅಲ್ವಾ? ಹಾಜರಾತಿಗೆ ನನ್ನ ಸಹಿ ತಗೊಂಡು, ಕೋರಂ ಆಯ್ತು, ಸಭೆ ಒಪ್ಪಿದೆ ಅಂತ ಬರ್ಕೊಳ್ತಾರೆ. ಹೋಗದೆ ಇದ್ದರೆ ಆ ಸುಳ್ಳಿಗೆ ನನ್ನ ಸಹಿಯಾದರೂ ಇರಲ್ಲ.

ಅತ್ತೆ: ಆ ಸಹಿ ನಾನು ಹಾಕಿದ್ದೀನಿ.

ನಾನು: ಅಂದರೆ?

ಅತ್ತೆ: 1988ರ ಬೇಸಿಗೆ. ಕೇರಿಗೆ ಅಂತ ಒಂದು ಬೋರು ಮಂಜೂರಾಗಿತ್ತು. ನಜೀರ್ ಸಾಬರನ್ನ ಜನ ನೀರ್ ಸಾಬ್ ಅಂತಿದ್ದ ಕಾಲ. ಊರೂರಿಗೂ ಬೋರು ಬರ್ತಿತ್ತು. ನಡಾವಳಿ ಪುಸ್ತಕ ಮನೆಗೇ ಬಂತು. ಒಲೆ ಮುಂದೆ ಇದ್ದೆ. ಸೆರಗಲ್ಲಿ ಕೈ ಒರೆಸ್ಕೊಂಡು, ಓದದೆ, ತೋರಿಸಿದ ಜಾಗದಲ್ಲಿ ಸಹಿ ಹಾಕಿದೆ. ಬೋರು ಮೇಲಿನ ಬೀದೀಲಿ, ದೊಡ್ಡ ಮನೆಯೊಂದರ ಮುಂದೆ ಕೊರೆದ್ರು. ಕೇರಿ ಹೆಂಗಸರು ಇನ್ನೂ ಎರಡು ಬೇಸಿಗೆ ಕೆರೆ ಅಂಗಳದ ಬಾವಿಯಿಂದ ಹೊತ್ರು. ನಮ್ಮ ಬಾಗಿಲ ಮುಂದೆನೇ ಹೋಗೋರು, ತಲೆ ಮೇಲೆ ಕೊಡ ಇಟ್ಕೊಂಡು.

ನಾನು: ನೀವು ಯಾವತ್ತೂ ಹೇಳಿರಲಿಲ್ಲ.

ಅತ್ತೆ: ಏನಂತ ಹೇಳಲಿ? ಐದು ವರ್ಷ ನಾನೇ ಸರ್ಕಾರ ಆಗಿದ್ದೆ. ನೀನು ದೆಹಲೀಲಿ ಇದ್ದಾರೆ ಅಂತೀಯಲ್ಲ ಕಾಣದ ಜನ, ಅವರಲ್ಲಿ ನಾನೂ ಒಬ್ಬಳು. ಕೆಟ್ಟವಳಾಗಿರಲಿಲ್ಲ. ಕೇಳೋರು ಇರಲಿಲ್ಲ, ಓದೋ ಅಭ್ಯಾಸ ಆಗಲಿಲ್ಲ. ಒಬ್ಬರು ಬಂದು, ಯಾಕಮ್ಮ ಬೋರು ಅಲ್ಲಿಗೆ ಹೋಯ್ತು ಅಂದಿದ್ರೆ ಮುಂದಿನ ಸಲ ನಾಲ್ಕು ಸಲ ಓದ್ತಿದ್ದೆ.

ನಾನು: ಕೇರಿಯವರೇ ಕೇಳಬೇಕಿತ್ತು ಅಂತೀರಾ?

ಅತ್ತೆ: ಅವರು ಹೇಗೆ ಕೇಳ್ತಾರೆ? ಆಗ ಸಭೆ ಸೇರ್ತಿದ್ದದ್ದು ದೇವಸ್ಥಾನದ ಜಗುಲಿ ಮೇಲೆ. ಅವರನ್ನ ಹತ್ತಿಸ್ತಿರಲಿಲ್ಲ. ಹತ್ತೋಕೆ ಅಡ್ಡಿ ಇಲ್ಲದೆ ಇದ್ದ ನಿಮ್ಮಪ್ಪ, ನಿಮ್ಮ ದೊಡ್ಡಪ್ಪ, ಮೇಲಿನ ಬೀದಿಯ ಓದಿದ ಗಂಡಸರು, ಅವರೆಲ್ಲ ಏನು ಹೇಳ್ತಿದ್ರು ಗೊತ್ತಾ? ಅಲ್ಲಿ ಹೋಗಿ ಏನು ಪ್ರಯೋಜನ, ಎಲ್ಲ ಕಳ್ಳರು.

ಅಪ್ಪನ ಆ ಮಾತನ್ನು ಅದೇ ದನಿಯಲ್ಲಿ ನಾನು ಎಷ್ಟು ಸಲ ಆಡಿದ್ದೇನೋ ಲೆಕ್ಕವಿಲ್ಲ. ಆಡುವಾಗೆಲ್ಲ ಅದು ನನ್ನ ಪ್ರಾಮಾಣಿಕತೆ ಎಂದೇ ತಿಳಿದಿದ್ದೆ. ಅದರ ಬೆಲೆಯನ್ನು ನೀರು ಹೊತ್ತು ತೆತ್ತವರಿದ್ದಾರೆಂದು ಹೊಳೆದಿರಲಿಲ್ಲ.

ನಾನು: ನಾಳೆ ಸಭೆಯಲ್ಲಿ ಏನಿದೆ?

ಅತ್ತೆ: ನೀರೇ. ಜಲಜೀವನ್ ಮಿಷನ್‌ದು. ನಮ್ಮೂರಲ್ಲಿ ಮನೆ ಮನೆಗೂ ನಲ್ಲಿ ಆಯ್ತು, ನೀರು ಬರ್ತಿದೆ ಅಂತ ಓದಿ ಹೇಳ್ತಾರೆ. ಸಭೆ ಒಪ್ಪಿ ನಿರ್ಣಯ ಮಾಡಬೇಕು.

ಅದು ನನಗೆ ಗೊತ್ತಿದ್ದ ವಿಷಯ. 2019ರಲ್ಲಿ ಕೇಂದ್ರ ಘೋಷಿಸಿದ ಯೋಜನೆ, ತಲೆಗೆ ದಿನಕ್ಕೆ 55 ಲೀಟರ್ ನೀರಿನ ಮಾತು ಕೊಟ್ಟಿದೆ. ಕೆಲಸ ಮುಗಿಯಿತೆಂದು ಎಂಜಿನಿಯರು ಬರೆದುಕೊಟ್ಟರೆ ಸಾಲದು. ಆ ಪತ್ರವನ್ನು ಗ್ರಾಮಸಭೆಯಲ್ಲಿ ಓದಿ, ಸಭೆ ಹೌದೆಂದ ಮೇಲೆಯೇ ಊರಿಗೆ ‘ಹರ್ ಘರ್ ಜಲ್’ ಪ್ರಮಾಣೀಕರಣ. ದೆಹಲಿಯ ಕಂಪ್ಯೂಟರಿನಲ್ಲಿ ಏರುತ್ತ ಹೋಗುವ ಪ್ರಮಾಣೀಕೃತ ಹಳ್ಳಿಗಳ ಸಂಖ್ಯೆಯನ್ನು ನಾನು ನಂಬುತ್ತಿರಲಿಲ್ಲ. ಅದರಲ್ಲಿ ಒಂದು ಅಂಕಿ ನಾಳೆ ನಮ್ಮ ಶಾಲೆಯ ಅಂಗಳದಲ್ಲಿ ತಯಾರಾಗುವುದಿತ್ತು.

ನಾನು: ಎಲ್ಲ ಮನೆಗೂ ಬರುತ್ತಾ ನೀರು?

ಅತ್ತೆ: ನಮಗೆ ಬರುತ್ತೆ. ಕೇರಿ ಕೊನೆ ಏಳು ಮನೆಗೆ ನಲ್ಲಿ ಇದೆ, ನೀರು ನೂಲಿನ ಹಾಗೆ ಇಳಿಯುತ್ತೆ ಅಂತಾರೆ. ಬರೀ ಮಾತಲ್ಲಿ ಹೇಳಿದ್ರೆ ಯಾರೂ ಬರ್ಕೊಳ್ಳಲ್ಲ. ಬೆಳಿಗ್ಗೆ ಆರಕ್ಕೆ ನೀರು ಬಿಡ್ತಾರೆ. ಹದಿನೈದು ಲೀಟರ್ ಕೊಡ ತಗೊಂಡು ಹೋಗೋಣ. ತುಂಬೋಕೆ ಎಷ್ಟು ಹೊತ್ತು, ನೀರು ಎಷ್ಟು ಹೊತ್ತಿಗೆ ನಿಲ್ಲುತ್ತೆ, ಒಂದೊಂದು ಮನೇಲಿ ಎಷ್ಟು ಜನ, ನೀನು ಬರ್ಕೋ. ಆ ಮನೆಯವರನ್ನೂ ಕರ್ಕೊಂಡು ಸೀದಾ ಸಭೆಗೆ.

ನಾನು: ಅವರು ಬರ್ತಾರಾ?

ಅತ್ತೆ: ಈಗ ಸಭೆ ಶಾಲೇಲಿ. ಅವರ ಮಕ್ಕಳು ಓದಿದ ಶಾಲೆ. ನಿನ್ನೇನೇ ಹೋಗಿ ಮಾತಾಡಿ ಬಂದಿದ್ದೀನಿ.

ಅತ್ತೆ ಮೊರವನ್ನು ಪಕ್ಕಕ್ಕೆ ಸರಿಸಿ, ಸಿಪ್ಪೆಯನ್ನು ಬುಟ್ಟಿಗೆ ತುಂಬಿದರು. ನಾನು ಹಿತ್ತಲಿಗೆ ಹೋಗಿ ಕೊಡ ತಂದೆ. ಲೀಟರಿನ ಅಳತೆ ಪಾತ್ರೆಯಿಂದ ನೀರು ಹೊಯ್ದು ಎಣಿಸಿದೆವು. ಹದಿನೈದಲ್ಲ, ಹದಿನಾಲ್ಕೇ ಹಿಡಿಯಿತು.

ಅತ್ತೆ: ಹಾಗಾದ್ರೆ ಹದಿನಾಲ್ಕು ಅಂತಲೇ ಬರ್ಕೋ.