ಅಪ್ಪನನ್ನು ಮಾನ್ವಿಗೆ ಕರೆದೊಯ್ಯಲು ಯಾವ ಮುಹೂರ್ತ?

ಪ್ರಶ್ನೆ: ನಮ್ಮೂರು ದೇವದುರ್ಗ ಸೀಮೆಯ ಅರಕೇರಾ. ನೌಕರಿಗಾಗಿ ಬೆಂಗಳೂರಿಗೆ ಬಂದು ಇಪ್ಪತ್ತು ವರ್ಷ ಆಯಿತು. ತಂದೆಯವರು ಊರಲ್ಲೇ ಇದ್ದಾರೆ, ಎಂಬತ್ತು ದಾಟಿದೆ. ಮಾನ್ವಿಗೆ ಹೋಗಿ ಜಗನ್ನಾಥದಾಸರ ಸನ್ನಿಧಿಯಲ್ಲಿ ನನ್ನ ಜೊತೆ ಕೂತು ಹರಿಕಥಾಮೃತಸಾರ ಪಾರಾಯಣ ಮಾಡಬೇಕೆಂಬುದು ಅವರ ಆಸೆ. ನಾಲ್ಕು ವರ್ಷದಿಂದ ಹೇಳುತ್ತಿದ್ದಾರೆ. ಒಮ್ಮೆ ಆಷಾಢ ಅಡ್ಡ ಬಂತು, ಒಮ್ಮೆ ಪಕ್ಷಮಾಸ, ಒಮ್ಮೆ ಧನುರ್ಮಾಸ, ಮತ್ತೊಮ್ಮೆ ಶುಕ್ರ ಮೌಢ್ಯ. ನಾನು ಬಿಟ್ಟಿರುವ ಸಂಧ್ಯಾವಂದನೆಯನ್ನೂ ಬರುವ ಯುಗಾದಿಯಿಂದ ಕ್ರಮವಾಗಿ ಶುರು ಮಾಡಬೇಕೆಂದಿದ್ದೇನೆ. ಎರಡಕ್ಕೂ ಒಳ್ಳೆಯ ದಿನ ತಿಳಿಸಬೇಕು. ನನ್ನ ಮತ್ತು ತಂದೆಯವರ ಜಾತಕ ಲಗತ್ತಿಸಿದ್ದೇನೆ.

ಉತ್ತರ: ತಮ್ಮ ಪತ್ರವನ್ನು ಎರಡು ಸಲ ಓದಿದೆ. ನಾಲ್ಕು ವರ್ಷದಲ್ಲಿ ಪಂಚಾಂಗದ ಎಷ್ಟು ಅಡ್ಡಿಗಳಿವೆಯೋ ಅಷ್ಟನ್ನೂ ತಾವು ಕಲಿತುಬಿಟ್ಟಿದ್ದೀರಿ. ನನ್ನ ಪಾಠಶಾಲೆಯ ಹುಡುಗರಿಗೂ ಇಷ್ಟು ಬರುವುದಿಲ್ಲ! ಇದು ವ್ಯಂಗ್ಯವಲ್ಲ, ಬೇಸರ ಮಾಡಿಕೊಳ್ಳಬೇಡಿ. ಪಂಚಾಂಗ ನೋಡುವುದೇ ವೃತ್ತಿಯಾದ ನಾನೂ ಇದೇ ತಪ್ಪು ಮಾಡಿದವನು. ಅದನ್ನು ಮುಂದೆ ಹೇಳುತ್ತೇನೆ.

ಮೊದಲು ಶಾಸ್ತ್ರದ ಮಾತು. ಮದುವೆ, ಉಪನಯನ, ಗೃಹಪ್ರವೇಶ, ಅಂದರೆ ಒಮ್ಮೆ ಮಾಡಿ ಬಹುಕಾಲ ಅದರ ಫಲ ಉಣ್ಣಬೇಕಾದ ಕೆಲಸಕ್ಕೆ ಮುಹೂರ್ತ ಬೇಕು. ಅದನ್ನು ನೋಡಿಯೇ ಮಾಡಬೇಕು, ಅದರಲ್ಲಿ ಸಡಿಲ ಬೇಡ. ಆದರೆ ನಿತ್ಯಕರ್ಮಕ್ಕೆ ಮುಹೂರ್ತ ಇಲ್ಲ, ಕಾಲ ಇದೆ. ಎರಡೂ ಒಂದೇ ಅಲ್ಲ, ನೋಡ್ರಿ. ಮುಹೂರ್ತವನ್ನು ನಾವು ಹುಡುಕಿ ಆರಿಸುತ್ತೇವೆ. ಕಾಲ ತಾನಾಗಿ ಬರುತ್ತದೆ, ನಿಲ್ಲದೆ ಹೋಗುತ್ತದೆ. ಆಷಾಢದಲ್ಲಿ ಮದುವೆ ಇಲ್ಲ ನಿಜ, ಆದರೆ ಗುರುಪೂರ್ಣಿಮೆ ಬರುವುದು ಅದೇ ಮಾಸದಲ್ಲಿ. ಧನುರ್ಮಾಸದಲ್ಲಿ ಲಗ್ನ ಇಟ್ಟುಕೊಳ್ಳುವುದಿಲ್ಲ, ಆದರೆ ಸೂರ್ಯ ಹುಟ್ಟುವ ಮೊದಲೇ ಎದ್ದು ಹುಗ್ಗಿ ನೈವೇದ್ಯ ಮಾಡುವ ತಿಂಗಳು ಅದೇ. ಶುಭಕಾರ್ಯ ಬೇಡ ಎಂದದ್ದನ್ನು ನಾವು ದೇವರ ಕಾರ್ಯವೂ ಬೇಡ ಎಂದು ತಿರುಗಿಸಿಕೊಂಡಿದ್ದೇವೆ, ಯಾಕಂದರೆ ಅದು ಅನುಕೂಲ.

ಮೌಢ್ಯದ ವಿಷಯ. ಗುರು ಶುಕ್ರರು ಅಸ್ತರಾಗಿದ್ದಾಗ ಹೊಸದಾಗಿ ತೀರ್ಥಯಾತ್ರೆ, ಅಪೂರ್ವ ದೇವತಾದರ್ಶನ ಬೇಡ ಎನ್ನುವುದು ಉಂಟು. ಅಪೂರ್ವ ಅಂದರೆ ಹಿಂದೆಂದೂ ಕಾಣದ್ದು. ತಮ್ಮ ತಂದೆಯವರು ಮಾನ್ವಿಯನ್ನು ಎಷ್ಟು ಸಲ ಕಂಡಿದ್ದಾರೋ! ಅರಕೇರಾದಿಂದ ಬೆಳಿಗ್ಗೆ ಹೊರಟರೆ ಸಂಜೆ ದೀಪದ ಹೊತ್ತಿಗೆ ಮನೆಯಲ್ಲಿರುವ ದಾರಿ ಅದು. ಅದಕ್ಕೆ ಮೌಢ್ಯದ ಬಾಧೆ ಇಲ್ಲ. ಇನ್ನು ರಾಹುಕಾಲ. ಹಗಲನ್ನು ಎಂಟು ಪಾಲು ಮಾಡಿದರೆ ಅದರಲ್ಲೊಂದು ಪಾಲು ರಾಹುವಿನದು. ಉಳಿದ ಏಳು ಪಾಲಿನಲ್ಲಿ ಎಲ್ಲಿದ್ದಿರಿ ಅಂತ ಯಾರಾದರೂ ಕೇಳಿದರೆ ನಾವು ಏನು ಹೇಳೋಣ?

ಸಂಧ್ಯಾವಂದನೆಗೆ ಯುಗಾದಿ ಯಾಕೆ ಬೇಕು? ನಕ್ಷತ್ರ ಕಾಣುತ್ತಿರುವಾಗ ಮಾಡುವ ಪ್ರಾತಃಸಂಧ್ಯೆ ಉತ್ತಮ, ನಕ್ಷತ್ರ ಮರೆಯಾದ ಮೇಲೆ ಮಧ್ಯಮ, ಸೂರ್ಯ ಹುಟ್ಟಿದ ಮೇಲೆ ಅಧಮ ಎಂದು ಹಿರಿಯರು ಹೇಳಿದ್ದಾರೆ. ಅಧಮ ಎಂದರಷ್ಟೇ, ಬೇಡ ಎನ್ನಲಿಲ್ಲ. ಕಾಲ ಮೀರಿದರೆ ಒಂದು ಪ್ರಾಯಶ್ಚಿತ್ತ ಅರ್ಘ್ಯ ಹೆಚ್ಚಾಗಿ ಕೊಡು, ಕೊಟ್ಟು ಮುಂದುವರಿ ಎಂದು ವಿಧಿ ಇದೆ. ಇದನ್ನು ನಾನು ಹುಡುಗನಾಗಿದ್ದಾಗ ಬಾಯಿಪಾಠ ಮಾಡಿದ್ದೆ. ಅದರ ಕರುಣೆ ತಿಳಿದದ್ದು ತಲೆ ನರೆತ ಮೇಲೆ. ತಡವಾಗಿ ಬಂದವನನ್ನು ಶಾಸ್ತ್ರ ಬಾಗಿಲಿಂದ ಹಿಂದೆ ಕಳಿಸುವುದಿಲ್ಲ, ನಾಳೆ ಸಮಯಕ್ಕೆ ಸರಿಯಾಗಿ ಬಾ ಅನ್ನುವುದಿಲ್ಲ. ಒಂದು ಬೊಗಸೆ ನೀರು ಜಾಸ್ತಿ ಬಿಟ್ಟು ಈಗಲೇ ಕೂಡು ಅನ್ನುತ್ತದೆ.

ಸಂಕಲ್ಪವನ್ನೇ ನೋಡಿ. ಶ್ವೇತವರಾಹ ಕಲ್ಪದಿಂದ ಶುರುಮಾಡಿ ಮನ್ವಂತರ, ಯುಗ, ಸಂವತ್ಸರ, ಅಯನ, ಋತು, ಮಾಸ, ಪಕ್ಷ ಎಂದು ಇಳಿಯುತ್ತ ಇಳಿಯುತ್ತ ಇವತ್ತಿನ ತಿಥಿ ವಾರ ನಕ್ಷತ್ರಕ್ಕೆ ಬಂದು ನಿಲ್ಲುತ್ತೇವೆ. ಕೊನೆಗೆ ಕರಿಷ್ಯೇ, ಮಾಡುತ್ತೇನೆ, ಎಂದು ನೀರು ಬಿಡುತ್ತೇವೆ. ವ್ಯಾಕರಣಕ್ಕೆ ಅದು ಭವಿಷ್ಯತ್ಕಾಲ. ಆದರೆ ನೀರು ಬೆರಳಿಂದ ಜಾರಿದ ಕ್ಷಣದಿಂದ ಕರ್ಮ ಆರಂಭ. ನಾಳೆಯ ತಿಥಿ ಹೇಳಿ ಇವತ್ತು ನೀರು ಬಿಡಲು ಬರುವುದಿಲ್ಲ.

ಈಗ ತಮ್ಮ ತಂದೆಯವರು ಹೋಗಬೇಕೆನ್ನುವ ಜಾಗದ ಕಥೆ. ತಮಗೂ ಗೊತ್ತಿದ್ದೀತು. ದಾಸರು 1728ರಲ್ಲಿ ಮಾನ್ವಿ ಸೀಮೆಯ ಬ್ಯಾಗವಾಟದಲ್ಲಿ ಹುಟ್ಟಿದವರು, ಆಗಿನ ಹೆಸರು ಶ್ರೀನಿವಾಸಾಚಾರ್ಯರು. ದೊಡ್ಡ ಸಂಸ್ಕೃತ ವಿದ್ವಾಂಸರು. ಕನ್ನಡದಲ್ಲಿ ಹಾಡುವ ದಾಸರೆಂದರೆ ಸ್ವಲ್ಪ ತಾತ್ಸಾರ. ವಿಜಯದಾಸರು ಮಾನ್ವಿಗೆ ಬಂದಾಗ ಪ್ರಸಾದಕ್ಕೆ ಕರೆ ಕಳಿಸಿದರಂತೆ. ಆಚಾರ್ಯರು, ನನಗೆ ಹೊಟ್ಟೆನೋವು, ಅಷ್ಟು ಹೊತ್ತಿನ ತನಕ ಕಾಯಲಾರೆ ಎಂದು ನೆಪ ಹೇಳಿದರು. ನೆಪಕ್ಕೆ ಸಿಕ್ಕಿದ್ದು ಹೊತ್ತೇ ನೋಡಿ! ಆಮೇಲೆ ಆ ಹೊಟ್ಟೆನೋವು ನಿಜವಾಯಿತು, ಯಾವ ಔಷಧಿಗೂ ಜಗ್ಗಲಿಲ್ಲ. ಮಂತ್ರಾಲಯಕ್ಕೆ ಹೋಗಿ ರಾಯರ ಸೇವೆ ಮಾಡಿದರು. ಕೊನೆಗೆ ವಿಜಯದಾಸರ ಪಾದಕ್ಕೇ ಬಂದರು. ಅವರು ಗೋಪಾಲದಾಸರ ಬಳಿ ಕಳಿಸಿದರು. ಗೋಪಾಲದಾಸರು ಹುಟ್ಟಿದ್ದು ಮೊಸರಕಲ್ಲಿನಲ್ಲಿ, ತಮ್ಮ ಸೀಮೆಯವರೇ. ಗುರುಗಳ ಮಾತಿನಂತೆ ಅವರು ತಮ್ಮ ಆಯುಷ್ಯದಲ್ಲಿ ನಲವತ್ತು ವರ್ಷ ಧಾರೆ ಎರೆದುಕೊಟ್ಟರು, ಜೋಳದ ರೊಟ್ಟಿ ತಿನ್ನಿಸಿ ರೋಗ ಕಳೆದರು ಎಂದು ನಮ್ಮ ಪರಂಪರೆ ಹೇಳುತ್ತದೆ.

ಸಣ್ಣವನಿದ್ದಾಗ ನನಗೆ ಈ ಕಥೆಯಲ್ಲಿ ಇಷ್ಟವಾಗುತ್ತಿದ್ದದ್ದು ರೊಟ್ಟಿಯ ಪವಾಡ. ಈಗ ಮನಸ್ಸು ಆ ನಲವತ್ತು ವರ್ಷದಲ್ಲಿ ನಿಲ್ಲುತ್ತದೆ. ಒಂದು ಮಧ್ಯಾಹ್ನ ಕಾಯಲು ಹೊತ್ತಿಲ್ಲ ಎಂದವರಿಗೆ ಇನ್ನೊಬ್ಬರ ಬಾಳಿನ ನಲವತ್ತು ವರ್ಷ ಸಿಕ್ಕಿತು. ಕೊಟ್ಟವರು ಬೇಗ ಹೊರಟುಹೋದರು. ಪಡೆದವರು 1809ರವರೆಗೆ ಇದ್ದರು. ಆ ವರ್ಷಗಳಲ್ಲಿ ಬಂದದ್ದು ಭಾಮಿನಿ ಷಟ್ಪದಿಯ ಹರಿಕಥಾಮೃತಸಾರ, ಅದೂ ಯಾವ ಕನ್ನಡವನ್ನು ಕಡೆಗಣಿಸಿದ್ದರೋ ಆ ಕನ್ನಡದಲ್ಲೇ. ಬರೆಯಲು ಕೂರುವಾಗೆಲ್ಲ ಇದು ನನ್ನ ಹೊತ್ತಲ್ಲ, ಕೊಟ್ಟವರದು ಎಂಬ ಎಚ್ಚರ ಅವರಿಗೆ ಇದ್ದಿರಲೇಬೇಕು ಎಂದು ನನಗೆ ಅನ್ನಿಸುತ್ತದೆ. ತಮ್ಮ ತಂದೆಯವರು ತಮಗಾಗಿ ಎಷ್ಟು ವರ್ಷ ಕೊಟ್ಟಿದ್ದಾರೆಂದು ನಾನು ಲೆಕ್ಕ ಹಾಕುವುದಿಲ್ಲ, ತಾವೇ ಹಾಕಿಕೊಳ್ಳಿ.

ನನ್ನ ತಪ್ಪು ಹೇಳುತ್ತೇನೆ ಎಂದಿದ್ದೆ. ನನಗೆ ವೇದ ಹೇಳಿಕೊಟ್ಟ ಗುರುಗಳು ಕಣ್ಣು ಕಳೆದುಕೊಂಡ ಮೇಲೆ, ಒಮ್ಮೆ ಬಂದು ಪವಮಾನ ಹೇಳೋ, ನಿನ್ನ ಸ್ವರ ಕೇಳಬೇಕು ಎಂದು ಹೇಳಿಕಳಿಸಿದ್ದರು. ಅದು ವೈಶಾಖ, ಮದುವೆಯ ಕಾಲ, ದಿನಕ್ಕೆರಡು ಲಗ್ನ. ಆಷಾಢ ಬಂದರೆ ಬಿಡುವು, ಆಗ ಬರುತ್ತೇನೆ ಎಂದೆ. ಜ್ಯೇಷ್ಠದಲ್ಲಿ ಅವರು ಹೋದರು. ಹದಿಮೂರನೆಯ ದಿನ ಅವರ ಮನೆಯಲ್ಲಿ ಕೂತು ಪವಮಾನ ಹೇಳಿದೆ. ಸ್ವರ ಎಲ್ಲೂ ತಪ್ಪಲಿಲ್ಲ. ಕೇಳುವವರು ಇರಲಿಲ್ಲ.

ಆದ್ದರಿಂದ ತಾವು ಮಾಡಬೇಕಾದದ್ದು. ನಾಳೆ ಬೆಳಿಗ್ಗೆ ಸ್ನಾನ ಮಾಡಿ ಹೊಸ ಜನಿವಾರ ಹಾಕಿಕೊಳ್ಳಿ. ಬಹುಕಾಲ ಬಿಟ್ಟದ್ದಕ್ಕೆ ಪ್ರಾಯಶ್ಚಿತ್ತವನ್ನು ಮನೆಯ ಪುರೋಹಿತರನ್ನು ಕೇಳಿ, ಆದರೆ ಅವರು ಸಿಗುವ ತನಕ ಅಂತ ಮತ್ತೆ ನಿಲ್ಲಬೇಡಿ. ನೂರೆಂಟು ಆಗದಿದ್ದರೆ ಹತ್ತು ಗಾಯತ್ರಿ ಮಾಡಿ. ಆಫೀಸಿನ ಬಸ್ಸಿಗೆ ಹತ್ತು ಗಾಯತ್ರಿಯಿಂದ ತಡವಾಗುವುದಿಲ್ಲ.

ಮಾನ್ವಿಗೆ ಭಾದ್ರಪದ ಶುದ್ಧ ನವಮಿಯ ಆರಾಧನೆಯೇ ಆಗಬೇಕೆಂದಿಲ್ಲ. ಆ ದಿನ ಜನಸಂದಣಿ, ಮಂಡಿನೋವಿನ ವೃದ್ಧರಿಗೆ ಕಷ್ಟ. ಸಾಧಾರಣ ದಿನವೇ ಮೇಲು. ಮೂವತ್ತೆರಡು ಸಂಧಿಗಳನ್ನೂ ಒಂದೇ ದಿನ ಮುಗಿಸಬೇಕೆಂಬ ಹಟ ಬೇಡ, ಮಂಗಳಾಚರಣ ಸಂಧಿಯಿಂದ ಶುರು ಮಾಡಿ, ತಂದೆಯವರು ಎಷ್ಟು ಹೊತ್ತು ಕೂಡುತ್ತಾರೋ ಅಷ್ಟು. ರಾಯಚೂರಿನ ಬಿಸಿಲು ಗೊತ್ತಲ್ಲ, ಮುಂಜಾನೆಯೇ ಹೊರಡಿ, ಒಂದು ಮಣೆ ಅಥವಾ ಕುರ್ಚಿ ಒಯ್ಯಿರಿ. ಇವತ್ತು ರಾತ್ರಿಯೇ ಊರಿಗೆ ಫೋನ್ ಮಾಡಿ, ದಿನ ಯಾವುದೆಂದು ತಂದೆಯವರನ್ನೇ ಕೇಳಿ. ಜಾತಕಗಳನ್ನು ನಾನು ಬಿಡಿಸಿ ನೋಡಿಲ್ಲ. ಅಂಚೆಯಲ್ಲಿ ಹಿಂದಕ್ಕೆ ಕಳಿಸಿದ್ದೇನೆ.