ಮಾತ್ರೆ ಮರೆತವರು ಯಾರು?

ಗರ್ಭನಿರೋಧಕ ಮಾತ್ರೆ ತಗೊಳ್ತಿದ್ದವಳಿಗೆ ಗರ್ಭ ನಿಂತರೆ ಎಲ್ಲರೂ ಕೇಳೋದು ಒಂದೇ ಪ್ರಶ್ನೆ: ‘ಮರೆತ್ಯಾ?’ ಪ್ರಶ್ನೆಯೊಳಗೇ ತೀರ್ಪೂ ಇದೆ. ಮರೆತವಳು ಅವಳು, ಹಾಗಾಗಿ ತಪ್ಪೂ ಅವಳದ್ದು. ನನ್ನ ತಕರಾರು ಇರೋದು ಈ ‘ಹಾಗಾಗಿ’ಯ ಬಗ್ಗೆ.

ಲೆಕ್ಕ ನೋಡಿ. ಒಂದು ದಿನವೂ ತಪ್ಪದೆ ತಗೊಂಡರೆ ವರ್ಷಕ್ಕೆ ನೂರರಲ್ಲಿ ಒಬ್ಬರಿಗೂ ಗರ್ಭ ನಿಲ್ಲೋದಿಲ್ಲ. ಜನ ನಿಜವಾಗಿ ತಗೊಳ್ಳೋ ರೀತಿಯಲ್ಲಿ ಸುಮಾರು 7 ಮಂದಿಗೆ ನಿಲ್ಲುತ್ತದೆ. ಇದು ಅಮೆರಿಕದ ಲೆಕ್ಕ. ಓದು, ಫೋನು, ಮೆಡಿಕಲ್ ಶಾಪು ಎಲ್ಲ ಹತ್ತಿರ ಇರೋ ದೇಶದ್ದು. ನಮ್ಮ ಆಫೀಸಲ್ಲಿ ನೂರು ಬಳಕೆದಾರರಲ್ಲಿ ಏಳು ಜನ ಒಂದೇ ಬಟನ್ನಿನ ಹತ್ತಿರ ಎಡವಿದರೆ ‘ಜನ ಸರಿಯಿಲ್ಲ’ ಅನ್ನಲ್ಲ, ಬಗ್ ಅಂತ ಬರ್ಕೊಳ್ತೀವಿ.

ನಾನು ಬೆಳೆದ ಮೂಡಿಗೆರೆ–ಕಳಸದ ಕಡೆಗೆ ಬನ್ನಿ. ಸರ್ಕಾರಿ ಆಸ್ಪತ್ರೆಯಲ್ಲಿ ಮಾಲಾ-ಎನ್ ಪುಕ್ಕಟೆ. ಪ್ಯಾಕೆಟ್ಟಲ್ಲಿ 28 ಮಾತ್ರೆ: 21 ಹಾರ್ಮೋನಿನವು, 7 ಕಬ್ಬಿಣಾಂಶದವು. ಆದರೆ ಕಾಫಿ ಕುಯ್ಲಿನ ತಿಂಗಳಲ್ಲಿ ತೋಟದ ಹೆಣ್ಣುಮಕ್ಕಳಿಗೆ ಬೆಳಕು ಹರಿಯೋ ಮೊದಲೇ ಒಲೆ, ಬುತ್ತಿ, ಮಕ್ಕಳು; ಸಂಜೆ ಹಣ್ಣು ತೂಕ ಆಗೋವರೆಗೂ ಕೆಲಸ. ಕೆಜಿ ಲೆಕ್ಕದ ಕೂಲಿ ಇದ್ದಾಗ, ಮೊದಮೊದಲು ಮಾತ್ರೆಯಿಂದ ಬರೋ ವಾಕರಿಕೆ ಅಂದ್ರೆ ಆ ದಿನದ ಸಂಬಳಕ್ಕೇ ಕತ್ತರಿ. ಮಳೆಗಾಲದಲ್ಲಿ ಭದ್ರೆ ಉಕ್ಕಿ ಹೆಬ್ಬಾಳೆ ಸೇತುವೆ ಮುಳುಗಿತು ಅಂದ್ರೆ, ಪ್ಯಾಕೆಟ್ ಮುಗಿದವಳು ಕಳಸಕ್ಕೆ ಬರೋದು ಹೇಗೆ?

ಲೈನ್ ಮನೆಯ ಅಕ್ಕನೊಬ್ಬಳು ನನ್ನ ಹೆಂಡತಿ ಹತ್ರ ಹೇಳಿದ್ದು ಇಷ್ಟೇ: ‘ಮರೆಯೋದಲ್ಲ ಅಮ್ಮ, ತೆಗೆಯಕ್ಕಾಗಲ್ಲ. ಅಕ್ಕಿ ಡಬ್ಬದಲ್ಲಿಟ್ಟೀನಿ. ಅತ್ತೆ ಒಲೆ ಮುಂದಿಂದ ಏಳ್ಬೇಕಲ್ಲ!’ ಇಂಥವಳಿಗೆ ರಿಮೈಂಡರ್ ಆಪ್ ಕೊಟ್ಟರೆ, ಅಲಾರಂ ಹೊಡೆದು ಮನೆಮಂದಿಗೆಲ್ಲ ಗೊತ್ತಾಗುತ್ತೆ, ಅಷ್ಟೇ.

ವಿಜ್ಞಾನ ಭಾರ ಇಳಿಸೋ ಪ್ರಯತ್ನ ಮಾಡಿದೆ. ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆ ಕಂಡುಹಿಡಿದ, ಈಗ ಸರ್ಕಾರ ‘ಛಾಯಾ’ ಹೆಸರಲ್ಲಿ ಕೊಡೋ ಮಾತ್ರೆಯಲ್ಲಿ ಹಾರ್ಮೋನಿಲ್ಲ. ಮೊದಲ ಮೂರು ತಿಂಗಳು ವಾರಕ್ಕೆ ಎರಡು, ಆಮೇಲೆ ವಾರಕ್ಕೆ ಒಂದು. ಒಳ್ಳೇದೇ. ಆದರೆ ವಾರದ ನೆನಪೂ ಅವಳ ತಲೆ ಮೇಲೇ.

‘ದೇಹ ಅವಳದ್ದು, ಜವಾಬ್ದಾರಿಯೂ ಅವಳದ್ದೇ’ ಅನ್ನೋರಿದ್ದಾರೆ. ಇಲ್ಲಿ ಎರಡು ಸಂಗತಿ ಬೆರೆತುಹೋಗಿವೆ. ಮಾತ್ರೆ ಬೇಕೋ ಬೇಡವೋ ಅನ್ನೋ ನಿರ್ಧಾರ ಖಂಡಿತ ಅವಳದ್ದು. ಆ ನಿರ್ಧಾರ ನಡೆಸೋ ದುಡಿಮೆ ಇಬ್ಬರದ್ದು, ಯಾಕಂದ್ರೆ ಲಾಭ ಇಬ್ಬರಿಗೂ ಇದೆ. ನಾವು ಮಾಡಿರೋ ಪಾಲು ಮಾತ್ರ ಬೇರೆ: 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ, ದೇಶದಲ್ಲಿ ಶೇ. 37.9 ದಂಪತಿಗಳಲ್ಲಿ ಆಪರೇಷನ್ ಆಗಿರೋದು ಹೆಂಡತಿಗೆ; ಗಂಡನಿಗೆ ಆಗಿರೋದು ಶೇ. 0.3 ದಂಪತಿಗಳಲ್ಲಿ.

ಹಾಗಂತ ಗಂಡ ದಿನಾ ‘ತಗೊಂಡ್ಯಾ?’ ಅಂತ ಕೇಳೋದು ಪಾಲುದಾರಿಕೆ ಅಲ್ಲ, ರೈಟರ್ ಕೆಲಸ. ಪ್ಯಾಕೆಟ್ ತಂದಿಡೋದು, ವಾಕರಿಕೆಯ ದಿನ ಒಲೆ ಹಚ್ಚೋದು, ಅವಳು ಬಚ್ಚಿಡಬೇಕಾಗದ ಹಾಗೆ ಅಮ್ಮನ ಹತ್ರ ಮಾತಾಡೋದು ಪಾಲುದಾರಿಕೆ. ಮಾಲಾ-ಎನ್‌ನಂಥ ಮಾತ್ರೆ ಎರಡು ದಿನ ತಪ್ಪಿದರೆ, ಮತ್ತೆ ಶುರುಮಾಡಿ ಏಳು ದಿನ ಕಾಂಡೋಮ್ ಬಳಸಬೇಕು ಅಂತಾರೆ ಡಾಕ್ಟರು. ಆ ಏಳು ದಿನ ಗಂಡಸಿನ ಕೈಲಿದೆ. ‘ಮರೆತ್ಯಾ?’ ಅಂತ ಕೇಳೋ ಮೊದಲು, ಅದು ನಮಗೆ ಗೊತ್ತಿತ್ತಾ ಅಂತ ಕೇಳ್ಕೊಳ್ಳೋಣ.